ಪಡೆ ಹೊರಟ ಮೇಲೆ ಗಡಿ ಗೇಟಿನತ್ತ ನೋಡಿ

ಪತ್ರಿಕೆಯ ವಿದೇಶ ಸುದ್ದಿ ವಿಭಾಗದಲ್ಲಿ ಅಫ್ಗಾನಿಸ್ತಾನದ ಸುದ್ದಿಗಳನ್ನು ವರ್ಷಗಳಿಂದ ನೋಡಿಕೊಂಡು ಬಂದಿದ್ದೇನೆ. 2021ರ ಆಗಸ್ಟ್ 30ರ ರಾತ್ರಿ ಅಮೆರಿಕದ ಕೊನೆಯ ವಿಮಾನ ಕಾಬೂಲಿನಿಂದ ಹಾರಿದ ಮೇಲೆ, ಇನ್ನು ಅಲ್ಲಿ ಸುದ್ದಿಯೇನಿದೆ ಎಂದವರು ಬಹಳ ಮಂದಿ. ಆದರೆ ನೆರೆಹೊರೆಯ ಕಥೆ ಶುರುವಾದದ್ದೇ ಅಂದು. ವಿಭಾಗಕ್ಕೆ ಹೊಸದಾಗಿ ಬರುವವರಿಗೆ ಈ ಕೆಲವು ಮಾತು ಹೇಳುತ್ತೇನೆ.

1. ಮೊದಲ ತಿಂಗಳ ನಗುಮುಖಗಳನ್ನು ನಂಬಬೇಡಿ. ಸೆಪ್ಟೆಂಬರ್ ಮೊದಲ ವಾರದಲ್ಲೇ ಪಾಕಿಸ್ತಾನದ ಗುಪ್ತಚರ ಸಂಸ್ಥೆಯಾದ ಐಎಸ್‌ಐ ಮುಖ್ಯಸ್ಥರಾಗಿದ್ದ ಫೈಜ್ ಹಮೀದ್ ಕಾಬೂಲಿನ ಹೋಟೆಲಿನಲ್ಲಿ ಚಹಾದ ಕಪ್ ಹಿಡಿದು, ಎಲ್ಲ ಸರಿಹೋಗುತ್ತದೆ ಎಂದರು. ಆ ಫೋಟೊ ಲೋಕವೆಲ್ಲ ಸುತ್ತಿತು. ಆದರೆ ಮರುವರ್ಷ ನವೆಂಬರಿನಲ್ಲಿ ಪಾಕಿಸ್ತಾನಿ ತಾಲಿಬಾನ್ ಇಸ್ಲಾಮಾಬಾದಿನ ಜೊತೆಗಿನ ಕದನವಿರಾಮ ಮುರಿಯಿತು. 2023ರ ಜನವರಿ 30ರಂದು ಪೆಶಾವರದ ಪೊಲೀಸ್ ಲೈನ್ಸ್ ಮಸೀದಿಯಲ್ಲಿ ನಮಾಜಿಗೆ ನಿಂತಿದ್ದ 80ಕ್ಕೂ ಹೆಚ್ಚು ಮಂದಿ ಬಾಂಬಿಗೆ ಬಲಿಯಾದರು.

2. ಜಗಳದ ವಯಸ್ಸು ವಿಚಾರಿಸಿ. ಅಫ್ಗಾನಿಸ್ತಾನ, ಪಾಕಿಸ್ತಾನಗಳ ಗಡಿಯಾದ ಡ್ಯುರಾಂಡ್ ರೇಖೆ ಎಳೆದದ್ದು 1893ರಲ್ಲಿ. 1947ರಲ್ಲಿ ಪಾಕಿಸ್ತಾನ ವಿಶ್ವಸಂಸ್ಥೆ ಸೇರುವಾಗ ವಿರುದ್ಧ ಮತ ಹಾಕಿದ್ದು ಅಫ್ಗಾನಿಸ್ತಾನ ಒಂದೇ, ಕಾರಣ ಈ ಗಡಿಯೇ. ಅಂದಿನಿಂದ ರಾಜ, ಕಮ್ಯುನಿಸ್ಟರು, ತಾಲಿಬಾನ್ ಯಾರೇ ಬಂದರೂ ಕಾಬೂಲ್ ಅದನ್ನು ಒಪ್ಪಿಲ್ಲ. ವಿದೇಶಿ ಸೇನೆ ಇದ್ದಷ್ಟು ದಿನ ಈ ತಂಟೆ ಸುದ್ದಿಯ ಅಡಿಗೆ ಬಿದ್ದಿತ್ತು, ಅಷ್ಟೆ.

3. ರಾಜಧಾನಿಯ ಹೇಳಿಕೆಗಿಂತ ಗಡಿಯ ತೋರ್ಖಮ್ ಗೇಟು ಹೆಚ್ಚು ನಿಜ ಹೇಳುತ್ತದೆ. ನಾನು ದಿನವೂ ಮೊದಲು ಹುಡುಕುವುದು ಅದು ತೆರೆದಿದೆಯೇ ಮುಚ್ಚಿದೆಯೇ ಎಂದು. ಖೈಬರ್ ಕಣಿವೆಯ ತುದಿಯ ಆ ಗೇಟಿನಲ್ಲಿ ಅಫ್ಗಾನಿಸ್ತಾನದಿಂದ ದ್ರಾಕ್ಷಿ, ದಾಳಿಂಬೆ, ಟೊಮೆಟೊ ಬರುತ್ತಿದ್ದವು. ಪಾಕಿಸ್ತಾನದಿಂದ ಸಿಮೆಂಟು, ಔಷಧಿ ಹೋಗುತ್ತಿದ್ದವು. 2025ರ ಅಕ್ಟೋಬರಿನಲ್ಲಿ ಕಾಬೂಲಿನಲ್ಲಿ ಸ್ಫೋಟ ಕೇಳಿಸಿ, ಗಡಿಯುದ್ದಕ್ಕೂ ಗುಂಡಿನ ಕಾಳಗ ನಡೆದಾಗ ತೋರ್ಖಮ್ ಮತ್ತು ಇನ್ನೊಂದು ಗಡಿ ಗೇಟಾದ ಚಮನ್ ಎರಡೂ ಮುಚ್ಚಿದವು. ಲಾರಿಗಳು ಸಾಲುಗಟ್ಟಿ ನಿಂತವು, ಹಣ್ಣು ಕೊಳೆಯಿತು. ಪಾಕಿಸ್ತಾನದ ಪೇಟೆಗಳಲ್ಲಿ ಟೊಮೆಟೊ ಕಿಲೋಗೆ ಅಲ್ಲಿನ 600 ರೂಪಾಯಿ ಮುಟ್ಟಿತು. ಅದೇ ತಿಂಗಳ 19ರಂದು ದೋಹಾದಲ್ಲಿ ಕತಾರ್, ಟರ್ಕಿಯ ಮಧ್ಯಸ್ಥಿಕೆಯಲ್ಲಿ ಕದನವಿರಾಮವಾಯಿತು. ಆದರೆ ಸರಕಿಗೆ ಗೇಟು ತೆರೆಯಲಿಲ್ಲ. ಇಬ್ಬರ ನಡುವೆ ಎಷ್ಟು ನಂಬಿಕೆ ಉಳಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ನನಗೆ ಬೇಕಾಗಲಿಲ್ಲ.

4. ಒಪ್ಪಂದಕ್ಕೆ ಸಹಿಯಾದ ಮೇಲಿನ ತಿಂಗಳುಗಳನ್ನು ಓದಿ. 1988ರ ಜಿನೀವಾ ಒಪ್ಪಂದದಲ್ಲಿ ಕಾಬೂಲ್ ಮತ್ತು ಇಸ್ಲಾಮಾಬಾದ್ ಪರಸ್ಪರರ ವ್ಯವಹಾರಗಳಲ್ಲಿ ಕೈಹಾಕುವುದಿಲ್ಲ ಎಂದು ಬರೆದುಕೊಟ್ಟಿದ್ದವು. ಸೋವಿಯತ್ ಸೇನೆ 1989ರ ಫೆಬ್ರುವರಿ 15ಕ್ಕೆ ಅಮು ದರಿಯಾ ನದಿ ದಾಟಿ ಅಫ್ಗಾನಿಸ್ತಾನ ಬಿಟ್ಟಿತು. ಮಾರ್ಚಿನಲ್ಲೇ ಐಎಸ್‌ಐ ಬೆಂಬಲದಿಂದ ಮುಜಾಹಿದೀನ್ ಬಂಡುಕೋರರು ಅಫ್ಗಾನಿಸ್ತಾನದ ಜಲಾಲಾಬಾದಿನ ಮೇಲೆ ಬಿದ್ದರು.

5. ನೀರನ್ನು ಮರೆಯಬೇಡಿ. 1973ರ ಒಪ್ಪಂದದಂತೆ ಸಾಮಾನ್ಯ ವರ್ಷದಲ್ಲಿ ಹೆಲ್ಮಂದ್ ನದಿಯಿಂದ ಇರಾನಿಗೆ ಸೆಕೆಂಡಿಗೆ 26 ಘನ ಮೀಟರ್ ನೀರು ಹೋಗಬೇಕು. ಕೊಡುತ್ತಿಲ್ಲ ಎಂದು ಇರಾನ್, ಬರಗಾಲ ಎಂದು ತಾಲಿಬಾನ್. ಕಾವೇರಿಯ ಸಂಕಷ್ಟ ಸೂತ್ರದ ವಾದ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2023ರ ಮೇ ತಿಂಗಳಲ್ಲಿ ಇರಾನ್ ಗಡಿಯಲ್ಲಿ ಗುಂಡು ಹಾರಿ ಎರಡೂ ಕಡೆ ಸಾವಾಯಿತು.

6. ಗಡೀಪಾರಾದವರನ್ನು ಬರೀ ಸಂಖ್ಯೆ ಮಾಡಬೇಡಿ. ದಾಖಲೆಯಿಲ್ಲದ ಅಫ್ಗನ್ನರು ಹೊರಡಬೇಕೆಂದು ಪಾಕಿಸ್ತಾನ 2023ರ ನವೆಂಬರ್ 1ರ ಗಡುವು ಹಾಕಿತು. ತಲೆಗೆ 50,000 ಪಾಕಿಸ್ತಾನಿ ರೂಪಾಯಿಗಿಂತ ಹೆಚ್ಚು ಒಯ್ಯುವಂತಿರಲಿಲ್ಲ. ಪಾಕಿಸ್ತಾನದಲ್ಲೇ ಹುಟ್ಟಿ ಬೆಳೆದವರೂ ಅವರಲ್ಲಿದ್ದರು. ಅಲ್ಲಿ ಎಂಟನೆಯ ತರಗತಿ ಓದುತ್ತಿದ್ದ ಹುಡುಗಿ ತೋರ್ಖಮ್ ದಾಟಿದರೆ ಅವಳ ಓದು ಮುಗಿದಂತೆ; ತಾಲಿಬಾನ್ ಆಡಳಿತದಲ್ಲಿ ಆರನೆಯ ತರಗತಿಯಾಚೆ ಹೆಣ್ಣುಮಕ್ಕಳಿಗೆ ಶಾಲೆಯಿಲ್ಲ. ಗಡೀಪಾರಿನ ಸುದ್ದಿ ಬಂದಾಗಲೆಲ್ಲ ಈ ಸಾಲನ್ನು ನಾನು ಸೇರಿಸಿಯೇ ಪುಟಕ್ಕೆ ಕಳಿಸುತ್ತೇನೆ. ನೀವೂ ಸೇರಿಸಿ.