ದಾರಿಯ ಧೂಳೂ ಅದರ ಅಳತೆಯೂ

ಸಂತೆಯಲ್ಲಿ ಅಕ್ಕಿಯನ್ನು ಕೊಳ್ಳುವ ಗೃಹಿಣಿಯು ತಕ್ಕಡಿಯ ಮುಳ್ಳನ್ನು ನೋಡುವಳು. ಜಾಣೆಯಾದವಳು ತೂಕದ ಕಲ್ಲಿನ ಮೇಲೆ ಸರ್ಕಾರದ ಮುದ್ರೆಯುಂಟೇ ಎಂಬುದನ್ನೂ ನೋಡುವಳು. ಕಲ್ಲು ಸುಳ್ಳಾದರೆ ಮುಳ್ಳು ನೆಟ್ಟಗೆ ನಿಂತು ಫಲವೇನು? ಈ ವಿವೇಕವು ನಮ್ಮ ಮಕ್ಕಳು ಶಾಲೆಗೆ ಹೋಗಿ ಬರುವ ಬೀದಿಯ ಗಾಳಿಗೂ ಸಲ್ಲುವ ಬಗೆಯನ್ನು ಇಲ್ಲಿ ವಿಚಾರಮಾಡೋಣ.

ಮೋಟಾರು ವಾಹನಗಳಿಂದ ಉಂಟಾಗುವ ಮಾಲಿನ್ಯವು ಹೊಗೆಯೊಂದೇ ಅಲ್ಲ. ಬ್ರೇಕು ಸವೆದ ಲೋಹದ ಪುಡಿ, ಟಯರು ಸವೆದ ರಬ್ಬರು, ಎಣ್ಣೆಯ ಮಸಿ, ದಾರಿಯ ಮಣ್ಣು ಇವೆಲ್ಲವೂ ಕೂಡಿ ಧೂಳಾಗುವವು. ಪೆಟ್ರೋಲಿಗೆ ಬೆರಸುತ್ತಿದ್ದ ಸೀಸವೂ ಹಿಂದೆ ಇದರಲ್ಲಿ ಹೇರಳವಾಗಿತ್ತು. ಸೀಸವು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಕೇಡು ಮಾಡುವಂಥಾದ್ದು. ೨೦೦೦ನೆಯ ಇಸವಿಯಲ್ಲಿ ಭಾರತದಾದ್ಯಂತ ಅಂಥ ಪೆಟ್ರೋಲಿನ ಮಾರಾಟವು ನಿಂತಿತು. ಹೊಗೆಯನ್ನು ಶುದ್ಧಿಮಾಡುವದಕ್ಕಾಗಿ ವಾಹನದ ಹೊಗೆನಳಿಗೆಯಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಲೋಹಗಳನ್ನು ಲೇಪಿಸಿದ ಉಪಕರಣವನ್ನಿಡುವರು. ಆ ಲೋಹಗಳೂ ಕಣಕಣವಾಗಿ ಉದುರಿ ದಾರಿಯನ್ನು ಸೇರುವವು.

ಇವುಗಳ ಪ್ರಮಾಣವು ಅತ್ಯಲ್ಪವಾದದ್ದರಿಂದ ಅಳತೆಯಲ್ಲಿ ತಪ್ಪುವದು ಸುಲಭ. ೨೦೦೯ರಲ್ಲಿ ಭಾರತವು ಗೊತ್ತುಮಾಡಿದ ವಾಯುಮಾನದಂಡದ ಪ್ರಕಾರ ಒಂದು ಘನ ಮೀಟರು ಗಾಳಿಯಲ್ಲಿ ನಿಕ್ಕಲ್ ಲೋಹವು ವರ್ಷದ ಸರಾಸರಿಯಲ್ಲಿ ೨೦ ನ್ಯಾನೋಗ್ರಾಮನ್ನು ಮೀರಕೂಡದು. ನ್ಯಾನೋಗ್ರಾಮೆಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಒಂದು ಊರಿನ ಗಾಳಿಯಲ್ಲಿ ನಿಜವಾಗಿ ೨೪ ಇದೆಯೆಂದು ಭಾವಿಸಿರಿ. ಪರೀಕ್ಷಕನು ಧೂಳನ್ನು ಆಮ್ಲದಲ್ಲಿ ಕರಗಿಸುವಾಗ ನಿಕ್ಕಲಿನ ಕಾಲುಭಾಗವು ಕರಗದೆ ಉಳಿದರೆ ಅವನಿಗೆ ೧೮ ಮಾತ್ರ ಕಾಣುವದು. ಊರಿನ ಗಾಳಿಯು ನಿರ್ದೋಷವೆಂದು ಅವನು ಬರೆಯುವನು. ಯಾರೂ ಸುಳ್ಳಾಡಲಿಲ್ಲ, ಆದರೂ ಸುಳ್ಳು ಲೆಕ್ಕವು ದಾಖಲೆಯಾಯಿತು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಪರಮಾಣುವಿನ ತೂಕದಿಂದ ಪ್ಲಾಟಿನಮನ್ನು ಗುರುತಿಸುವ ಯಂತ್ರವೊಂದಿದೆ. ಮಣ್ಣಿನಲ್ಲಿರುವ ಹಾಫ್ನಿಯಮಿನ ೧೭೮ ತೂಕದ ಪರಮಾಣುವು ೧೬ ತೂಕದ ಆಮ್ಲಜನಕದೊಡನೆ ಕೂಡಿದರೆ ೧೯೪ ಆಗುವದು. ಪ್ಲಾಟಿನಮಿನ ಒಂದು ಬಗೆಯ ಪರಮಾಣುವಿನ ತೂಕವೂ ೧೯೪. ಆದಕಾರಣ ಯಂತ್ರವು ಇಲ್ಲದ ಪ್ಲಾಟಿನಮನ್ನು ಇದೆಯೆಂದು ಎಣಿಸುವದು. ಶುದ್ಧ ಪ್ಲಾಟಿನಮಿನ ದ್ರಾವಣದಿಂದ ಯಂತ್ರವನ್ನು ಸರಿನೋಡಿದರೆ ಈ ಮೋಸವು ತಿಳಿಯದು. ಆ ದ್ರಾವಣದಲ್ಲಿ ಮಣ್ಣೇ ಇಲ್ಲವಲ್ಲ!

ಹೀಗಿರುವದರಿಂದ ಧೂಳಿನ ಅಳತೆಗೆ ಧೂಳಿನದೇ ತೂಕದ ಕಲ್ಲು ಬೇಕು. ಇದಕ್ಕೆ ನಿರ್ದೇಶಕ ದ್ರವ್ಯವೆಂದು ಹೆಸರು. ಬೆಲ್ಜಿಯಂ ದೇಶದ ಗೀಲ್ ಪಟ್ಟಣದಲ್ಲಿ ಯೂರೋಪಿನ ಒಕ್ಕೂಟಕ್ಕೆ ಸೇರಿದ ಸಂಶೋಧನಾಲಯವು ಇಂಥ ದ್ರವ್ಯಗಳನ್ನು ಸಿದ್ಧಪಡಿಸಿದೆ. ಒಂದಕ್ಕೆ ಆಸ್ಟ್ರಿಯಾದ ವಾಹನ ಸುರಂಗದ ಧೂಳನ್ನು ತೆಗೆದುಕೊಂಡರು. ಅದರ ಪ್ರತಿ ಕಿಲೋಗ್ರಾಮಿನಲ್ಲಿ ಪ್ಲಾಟಿನಂ ಸುಮಾರು ೮೧ ಮೈಕ್ರೋಗ್ರಾಂ ಮಾತ್ರ. ಇನ್ನೊಂದಕ್ಕೆ ಪೋಲೆಂಡಿನ ವಾರ್ಸಾ ನಗರದ ಸುರಂಗದ ಧೂಳನ್ನು ಉಪಯೋಗಿಸಿದರು. ಸುರಂಗದಲ್ಲಿ ಮಳೆ ತೊಳೆಯದು; ಅಲ್ಲಿ ಕೂಡುವದು ಬಹುಮಟ್ಟಿಗೆ ವಾಹನಗಳದೇ ಧೂಳು.

ಇಂಥ ಧೂಳನ್ನು ಒಣಗಿಸಿ, ನುಣ್ಣಗೆ ಅರೆದು, ಚೆನ್ನಾಗಿ ಬೆರಸಿ, ಚಿಕ್ಕ ಸೀಸೆಗಳಲ್ಲಿ ತುಂಬುವರು. ಮೊದಲನೆಯ ಸೀಸೆಯಲ್ಲಿರುವದೇ ಕೊನೆಯದರಲ್ಲಿಯೂ ಇದೆಯೇ, ಕಾಲಕ್ರಮದಲ್ಲಿ ಕೆಡದೆ ಉಳಿಯುವದೇ ಎಂದು ಪರೀಕ್ಷಿಸುವರು. ಬಳಿಕ ಅನೇಕ ಪ್ರಯೋಗಶಾಲೆಗಳು ಬೇರೆ ಬೇರೆಯಾಗಿ ಅಳೆದು ಕೊಟ್ಟ ಫಲಗಳನ್ನು ತೂಗಿನೋಡಿ ಪ್ರಮಾಣಪತ್ರವನ್ನು ಬರೆಯುವರು. ವಾರ್ಸಾದ ಧೂಳಿನ ಪತ್ರದಲ್ಲಿ ನಿಕ್ಕಲ್ ಕಿಲೋಗ್ರಾಮಿಗೆ ೫೮ ಮಿಲಿಗ್ರಾಂ, ಹೆಚ್ಚುಕಡಿಮೆ ೭ ಎಂದಿದೆ. ಎಷ್ಟರಮಟ್ಟಿಗೆ ತಪ್ಪಬಹುದೆಂಬುದನ್ನೂ ಬಚ್ಚಿಡದೆ ಹೇಳಿರುವದು ಗಮನಾರ್ಹವಾಗಿದೆ.

ಈಗ ಆ ನಮ್ಮ ಪರೀಕ್ಷಕನು ಊರಿನ ಧೂಳಿನೊಡನೆ ಈ ಸೀಸೆಯ ಧೂಳನ್ನೂ ಅದೇ ಆಮ್ಲದಲ್ಲಿ ಕರಗಿಸಿ ಅಳೆಯಲಿ. ಕಾಲುಭಾಗವು ಇಲ್ಲಿಯೂ ತಪ್ಪಿಹೋಗಿ ಅವನಿಗೆ ಸುಮಾರು ೪೪ ಬರುವದು. ೫೧ ರಿಂದ ೬೫ರ ಒಳಗೆ ಬರಬೇಕಿತ್ತು. ಕೂಡಲೇ ಅವನಿಗೆ ತನ್ನ ಕ್ರಮದಲ್ಲಿ ದೋಷವುಂಟೆಂದು ತಿಳಿಯುವದು. ಅದನ್ನು ತಿದ್ದಿದ ಮೇಲೆ ಊರಿನ ನಿಜವಾದ ೨೪ ಹೊರಬೀಳುವದು.

ನಮ್ಮ ದೇಶದಲ್ಲಿಯೂ ಹೊಸದಿಲ್ಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಶಾಲೆಯ ಆಶ್ರಯದಲ್ಲಿ 'ಭಾರತೀಯ ನಿರ್ದೇಶಕ ದ್ರವ್ಯ'ಗಳೆಂಬ ಹೆಸರಿನಿಂದ ನಾನಾ ಬಗೆಯ ಪ್ರಮಾಣವಸ್ತುಗಳು ಸಿದ್ಧವಾಗುತ್ತಿರುವದು ಸಂತೋಷದ ಸಂಗತಿ.

ಈ ಶಾಲೆಯಲ್ಲಿ ಕಲಿತು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವ ಸಹೋದರಿಯರೇ, ಪತ್ರಿಕೆಯಲ್ಲಿ ಊರಿನ ಗಾಳಿಯ ಅಂಕಿಯನ್ನು ಓದಿದಾಗ ಸುಮ್ಮನೆ ನಂಬಲೂ ಬೇಡಿರಿ, ಸುಮ್ಮನೆ ಜರೆಯಲೂ ಬೇಡಿರಿ. ಇದನ್ನು ಯಾವ ಕಲ್ಲಿಟ್ಟು ತೂಗಿದರು ಎಂದು ಕೇಳಿರಿ. ಸಂತೆಯಲ್ಲಿ ಒಂದು ಸೇರು ಅಕ್ಕಿಗಾಗಿ ಕೇಳುವ ನಾವು ಮಕ್ಕಳ ಉಸಿರಿಗಾಗಿ ಕೇಳದಿರುವದು ಯುಕ್ತವೇ?