ಉಪ್ಪಿನಲ್ಲೊಬ್ಬ, ಟ್ಯಾಂಕಿನಲ್ಲೊಬ್ಬ, ಹಲ್ಲಿನಲ್ಲೊಬ್ಬ



ಇಂದು ನಿಮ್ಮ ಶಾಲೆಯಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಮೊದಲನೆಯದು, ಬಿಸಿಯೂಟದ ಅಡುಗೆಮನೆಯಲ್ಲಿರುವ ಉಪ್ಪಿನ ಪೊಟ್ಟಣ. ಅದರ ಮೇಲೆ ‘ಅಯೋಡಿನ್‌ಯುಕ್ತ ಉಪ್ಪು’ ಎಂದು ಬರೆದಿರುತ್ತದೆ. ಎರಡನೆಯದು, ನೀರಿನ ಟ್ಯಾಂಕ್. ಅದನ್ನು ತೊಳೆದು ನೀರು ತುಂಬಿಸಿದ ದಿನ ನೀರಿಗೆ ಒಂದು ಬಗೆಯ ಘಾಟು ಇರುತ್ತದೆ. ಅದು ಬ್ಲೀಚಿಂಗ್ ಪೌಡರಿನಿಂದ ಬರುವ ಕ್ಲೋರಿನ್‌ನ ವಾಸನೆ. ಮೂರನೆಯದು, ಹಲ್ಲು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು, ಗದಗ ಮುಂತಾದ ಜಿಲ್ಲೆಗಳ ಹಲವು ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂತಹ ಬಿಳಿ ಮಚ್ಚೆಗಳೋ ಕಂದು ಗೆರೆಗಳೋ ಕಾಣುತ್ತವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದೇ ಇದಕ್ಕೆ ಮುಖ್ಯ ಕಾರಣ.

ಅಯೋಡಿನ್, ಕ್ಲೋರಿನ್, ಫ್ಲೋರಿನ್ – ಈ ಮೂರಕ್ಕೂ ಏನಾದರೂ ಸಂಬಂಧವಿದೆಯೇ? ಧಾತುಗಳ ಆವರ್ತ ಕೋಷ್ಟಕದ ಪಟವನ್ನು ತೆಗೆದು ನೋಡಿ. ಬಲಗಡೆಯಿಂದ ಎರಡನೆಯ ಕಂಬಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಎಂದು ಇದೆ. ಇವೆಲ್ಲ ಒಂದೇ ಮನೆಯ ಅಣ್ಣತಮ್ಮಂದಿರು! ಈ ಮನೆಯ ಹೆಸರು ಹ್ಯಾಲೋಜನ್. ಹಾಗೆಂದರೆ ‘ಉಪ್ಪನ್ನು ಉಂಟುಮಾಡುವವು’ ಎಂದರ್ಥ.

ಒಂದು ಧಾತು ಕೋಷ್ಟಕದ ಯಾವ ಮನೆಯಲ್ಲಿದೆ ಎಂದು ತಿಳಿದರೆ ಅದರ ಸ್ವಭಾವವನ್ನು ಬಹುಮಟ್ಟಿಗೆ ಊಹಿಸಬಹುದು. ಅದು ಹೇಗೆ? ಬನ್ನಿ, ನೋಡೋಣ.

ಸಂತೆಯ ದಿನ ಮತ್ತು ಆವರ್ತ ಕೋಷ್ಟಕ

ಒಂದೇ ಬಗೆಯ ಪರಮಾಣುಗಳಿಂದಾದ ವಸ್ತುವೇ ಧಾತು. ಚಿನ್ನ, ಕಬ್ಬಿಣ, ಗಂಧಕ, ಆಕ್ಸಿಜನ್ ಇವೆಲ್ಲ ಧಾತುಗಳು. ಇದುವರೆಗೆ 118 ಧಾತುಗಳು ಆವರ್ತ ಕೋಷ್ಟಕದಲ್ಲಿ ಸ್ಥಾನ ಪಡೆದಿವೆ. ಇಷ್ಟೊಂದು ಧಾತುಗಳ ಗುಣಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಕೇ? ಬೇಕಿಲ್ಲ.

ನಿಮ್ಮೂರಿನ ಸಂತೆ ಮಂಗಳವಾರ ಎಂದಿಟ್ಟುಕೊಳ್ಳಿ. ತಿಂಗಳ 2ನೇ ತಾರೀಖು ಮಂಗಳವಾರವಾದರೆ 9, 16, 23, 30 ಎಲ್ಲವೂ ಸಂತೆಯ ದಿನಗಳೇ. ಕ್ಯಾಲೆಂಡರಿನಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಏಳು ದಿನಗಳಿಗೊಮ್ಮೆ ಸಂತೆ ಮರಳಿ ಬರುವಂತೆ, ಧಾತುಗಳನ್ನು ಕ್ರಮವಾಗಿ ಜೋಡಿಸಿದಾಗ ಅವುಗಳ ಗುಣಗಳೂ ಮರಳಿ ಮರಳಿ ಬರುತ್ತವೆ. ಹೀಗೆ ಮರಳಿ ಬರುವುದಕ್ಕೇ ‘ಆವರ್ತ’ ಎನ್ನುತ್ತೇವೆ. ಒಂದೇ ಗುಣದ ಧಾತುಗಳು ಒಂದೇ ಕಂಬಸಾಲಿನಲ್ಲಿ ಬರುವಂತೆ ಮಾಡಿದ ಜೋಡಣೆಯೇ ಆವರ್ತ ಕೋಷ್ಟಕ.

ಒಂದು ವ್ಯತ್ಯಾಸವಿದೆ. ವಾರಕ್ಕೆ ಯಾವಾಗಲೂ ಏಳೇ ದಿನ. ಧಾತುಗಳಲ್ಲಿ ಹಾಗಲ್ಲ. ಕೆಳಕ್ಕೆ ಹೋದಂತೆ ಅಡ್ಡಸಾಲುಗಳು ಉದ್ದವಾಗುತ್ತವೆ.

ಗುಣವೋ ತೂಕವೋ?

ಈ ಹೋಲಿಕೆ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಒಂದೇ ದಿನದಲ್ಲಿ ಅಲ್ಲ. 1829ರಲ್ಲಿ ಜರ್ಮನಿಯ ಡೊಬರೈನರ್ ಒಂದು ಸ್ವಾರಸ್ಯವನ್ನು ತೋರಿಸಿದರು. ಕ್ಲೋರಿನ್‌ನ ಪರಮಾಣು ತೂಕ ಸುಮಾರು 35.5, ಅಯೋಡಿನ್‌ನದು ಸುಮಾರು 127. ಇವೆರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ. 81.25 ಬಂತಲ್ಲವೇ? ನಡುವೆ ಇರುವ ಬ್ರೋಮಿನ್‌ನ ಪರಮಾಣು ತೂಕ ಸುಮಾರು 80!

1869ರಲ್ಲಿ ರಷ್ಯಾದ ಡಿಮಿಟ್ರಿ ಮೆಂಡಲೀವ್ ಆಗ ಗೊತ್ತಿದ್ದ 63 ಧಾತುಗಳನ್ನು ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿ ಕೋಷ್ಟಕವನ್ನು ಪ್ರಕಟಿಸಿದರು. ಅವರು ಎರಡು ಧೈರ್ಯದ ಕೆಲಸಗಳನ್ನು ಮಾಡಿದರು.

ಮೊದಲನೆಯದು, ಗುಣಕ್ಕೆ ಹೊಂದುವ ಧಾತು ಇಲ್ಲದ ಕಡೆ ಜಾಗವನ್ನು ಖಾಲಿ ಬಿಟ್ಟರು. ‘ಇಲ್ಲಿರಬೇಕಾದ ಧಾತು ಇನ್ನೂ ಸಿಕ್ಕಿಲ್ಲ, ಮುಂದೆ ಸಿಗುತ್ತದೆ’ ಎಂದರು. ಅಲ್ಯುಮಿನಿಯಂನ ಕೆಳಗಿನ ಖಾಲಿ ಮನೆಗೆ ಸಂಸ್ಕೃತದ ‘ಏಕ’ ಪದವನ್ನು ಸೇರಿಸಿ ‘ಏಕ-ಅಲ್ಯುಮಿನಿಯಂ’ ಎಂದು ಹೆಸರಿಟ್ಟರು. 1875ರಲ್ಲಿ ಫ್ರಾನ್ಸಿನಲ್ಲಿ ಆ ಧಾತು ಸಿಕ್ಕಿತು. ಅದೇ ಗ್ಯಾಲಿಯಂ.

ಎರಡನೆಯದು ನಮ್ಮ ಹ್ಯಾಲೋಜನ್‌ಗಳಿಗೇ ಸಂಬಂಧಿಸಿದ್ದು. ಟೆಲ್ಯುರಿಯಂ ಎಂಬ ಧಾತು ಅಯೋಡಿನ್‌ಗಿಂತ ಸ್ವಲ್ಪ ಭಾರ. ತೂಕವನ್ನೇ ನೋಡಿದರೆ ಅಯೋಡಿನ್ ಮೊದಲು ಬರಬೇಕು. ಹಾಗೆ ಬಂದರೆ ಅದು ಆಕ್ಸಿಜನ್ ಮತ್ತು ಗಂಧಕದ ಮನೆ ಸೇರುತ್ತದೆ. ಆದರೆ ಅದರ ಗುಣಗಳೆಲ್ಲ ಕ್ಲೋರಿನ್, ಬ್ರೋಮಿನ್‌ಗಳನ್ನು ಹೋಲುತ್ತವೆ. ಮೆಂಡಲೀವ್ ತೂಕವನ್ನು ಬದಿಗಿಟ್ಟು ಗುಣಕ್ಕೆ ಬೆಲೆ ಕೊಟ್ಟರು. ಅಯೋಡಿನ್ ಅನ್ನು ಕ್ಲೋರಿನ್‌ನ ಮನೆಯಲ್ಲೇ ಕೂರಿಸಿದರು. ಟೆಲ್ಯುರಿಯಂನ ತೂಕವನ್ನು ಅಳೆಯುವುದರಲ್ಲಿ ತಪ್ಪಾಗಿರಬೇಕು ಎಂದು ಅವರು ಭಾವಿಸಿದ್ದರು. ತೂಕ ಸರಿಯಾಗಿಯೇ ಇತ್ತು. 1913ರಲ್ಲಿ ಇಂಗ್ಲೆಂಡಿನ ಹೆನ್ರಿ ಮೋಸ್ಲಿ ನಿಜವಾದ ಕಾರಣವನ್ನು ತೋರಿಸಿದರು. ಧಾತುಗಳ ಸರಿಯಾದ ಕ್ರಮಕ್ಕೆ ಆಧಾರ ತೂಕವಲ್ಲ, ಪರಮಾಣು ಸಂಖ್ಯೆ. ಟೆಲ್ಯುರಿಯಂನ ಪರಮಾಣು ಸಂಖ್ಯೆ 52, ಅಯೋಡಿನ್‌ನದು 53. ಮೆಂಡಲೀವ್ ಕೊಟ್ಟ ಮನೆ ಸರಿಯಾಗಿತ್ತು!

ಏಳು ಎಲೆಕ್ಟ್ರಾನ್‌ಗಳ ಮನೆ

ಒಂದೇ ಮನೆಯವರ ಗುಣ ಒಂದೇ ಆಗಿರಲು ಕಾರಣವೇನು? ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ. ಅದರ ಸುತ್ತ ಕವಚಗಳಲ್ಲಿ ಎಲೆಕ್ಟ್ರಾನ್‌ಗಳಿವೆ. ಈ ಜೋಡಣೆಯನ್ನು ನೋಡಿ:

ಫ್ಲೋರಿನ್ (ಪರಮಾಣು ಸಂಖ್ಯೆ 9): 2, 7
ಕ್ಲೋರಿನ್ (17): 2, 8, 7
ಬ್ರೋಮಿನ್ (35): 2, 8, 18, 7
ಅಯೋಡಿನ್ (53): 2, 8, 18, 18, 7

ಎಲ್ಲದರ ಹೊರಕವಚದಲ್ಲೂ 7 ಎಲೆಕ್ಟ್ರಾನ್‌ಗಳು! 8 ಆದರೆ ಪರಮಾಣುವಿಗೆ ನೆಮ್ಮದಿ. ಆದ್ದರಿಂದ ಈ ಮನೆಯ ಪ್ರತಿಯೊಬ್ಬರಿಗೂ ಇನ್ನೊಂದು ಎಲೆಕ್ಟ್ರಾನ್ ಬೇಕು. ಸಿಕ್ಕವರಿಂದ ಅದನ್ನು ಕಿತ್ತುಕೊಳ್ಳುವುದೇ ಇವರ ಸ್ವಭಾವ. ಹಿರಿಯಣ್ಣ ಫ್ಲೋರಿನ್‌ಗೆ ಈ ಹಟ ಎಲ್ಲರಿಗಿಂತ ಹೆಚ್ಚು. ಹೀಗಾಗಿ ಅದನ್ನು ಇತರ ಧಾತುಗಳಿಂದ ಬೇರ್ಪಡಿಸುವುದು ಬಹಳ ಕಷ್ಟವಾಗಿತ್ತು. 1886ರಲ್ಲಿ ಫ್ರಾನ್ಸಿನ ಹೆನ್ರಿ ಮೊಯಿಸಾನ್ ಅದನ್ನು ಸಾಧಿಸಿದರು. ಅವರಿಗೆ 1906ರಲ್ಲಿ ನೊಬೆಲ್ ಬಹುಮಾನ ಬಂತು. ಕೆಳಕ್ಕೆ ಹೋದಂತೆ ಈ ಹಟ ಕಡಿಮೆಯಾಗುತ್ತದೆ.

ಹಾಗೆಯೇ ಇನ್ನೊಂದು ಕ್ರಮವನ್ನೂ ಗಮನಿಸಿ. ಸಾಮಾನ್ಯ ಉಷ್ಣತೆಯಲ್ಲಿ ಫ್ಲೋರಿನ್ ತಿಳಿ ಹಳದಿ ಅನಿಲ, ಕ್ಲೋರಿನ್ ಹಸಿರು ಮಿಶ್ರಿತ ಹಳದಿ ಅನಿಲ, ಬ್ರೋಮಿನ್ ಕೆಂಪು ಮಿಶ್ರಿತ ಕಂದು ದ್ರವ, ಅಯೋಡಿನ್ ಕಪ್ಪನೆಯ ಹೊಳಪಿನ ಘನವಸ್ತು. ಅನಿಲ, ದ್ರವ, ಘನ – ಮೂರೂ ಸ್ಥಿತಿಗಳು ಒಂದೇ ಮನೆಯಲ್ಲಿ!

ಎಲೆಕ್ಟ್ರಾನ್ ಸಿಕ್ಕ ಮೇಲೆ ಏನಾಗುತ್ತದೆ? ಕೋಪ ಇಳಿದವನಂತೆ ಪರಮಾಣು ಶಾಂತವಾಗುತ್ತದೆ. ಆಗ ಅದರ ಹೆಸರೂ ಬದಲಾಗುತ್ತದೆ. ಕ್ಲೋರಿನ್ ಹೋಗಿ ಕ್ಲೋರೈಡ್, ಫ್ಲೋರಿನ್ ಹೋಗಿ ಫ್ಲೋರೈಡ್, ಅಯೋಡಿನ್ ಹೋಗಿ ಅಯೋಡೈಡ್. ಕ್ಲೋರಿನ್ ವಿಷದ ಅನಿಲ. ಸೋಡಿಯಂ ನೀರಿಗೆ ಬಿದ್ದರೆ ಭಗ್ಗನೆ ಉರಿಯಬಲ್ಲ ಲೋಹ. ಇವೆರಡೂ ಸೇರಿದಾಗ ಆಗುವ ಸೋಡಿಯಂ ಕ್ಲೋರೈಡ್ ನಾವು ದಿನವೂ ತಿನ್ನುವ ಉಪ್ಪು! ಕ್ಲೋರಿನ್ ಬೇರೆ, ಕ್ಲೋರೈಡ್ ಬೇರೆ ಎಂಬುದನ್ನು ಚೆನ್ನಾಗಿ ನೆನಪಿಡಿ. ಮುಂದೆ ಬೇಕಾಗುತ್ತದೆ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ತಣ್ಣಗಾದ ಅನ್ನದ ಗಂಜಿ, ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣ, ಒಂದು ನಿಂಬೆಹಣ್ಣು, ಗಾಜಿನ ಲೋಟ.

ಲೋಟದಲ್ಲಿ ಕಾಲುಭಾಗ ನೀರು ತೆಗೆದುಕೊಂಡು ಎರಡು ಚಮಚ ಗಂಜಿ ಸೇರಿಸಿ. ಅದಕ್ಕೆ ಅಯೋಡಿನ್ ದ್ರಾವಣದ ಒಂದೇ ಒಂದು ಹನಿ ಹಾಕಿ ಕಲಕಿ. ಗಂಜಿ ಗಾಢ ನೀಲಿ ಬಣ್ಣಕ್ಕೆ ತಿರುಗುತ್ತದೆ. ಈಗ ನಿಂಬೆರಸವನ್ನು ಸ್ವಲ್ಪ ಸ್ವಲ್ಪವೇ ಹಿಂಡುತ್ತಾ ಕಲಕಿ. ನೀಲಿ ಬಣ್ಣ ಮಾಯವಾಗುತ್ತದೆ! ನಿಂಬೆರಸದಲ್ಲಿರುವ ಸಿ ಜೀವಸತ್ವ ಅಯೋಡಿನ್‌ಗೆ ಎಲೆಕ್ಟ್ರಾನ್ ಕೊಡುತ್ತದೆ. ಅಯೋಡಿನ್ ಅಯೋಡೈಡ್ ಆಗುತ್ತದೆ. ಅಯೋಡೈಡ್‌ಗೆ ಗಂಜಿಯನ್ನು ನೀಲಿ ಮಾಡುವ ಶಕ್ತಿ ಇಲ್ಲ.

(ಎಚ್ಚರಿಕೆ: ಈ ಪ್ರಯೋಗವನ್ನು ಶಿಕ್ಷಕರ ಜೊತೆಯಲ್ಲೇ ಮಾಡಿ. ಲೋಟದಲ್ಲಿರುವುದನ್ನು ಕುಡಿಯಬಾರದು.)

ಉಪ್ಪಿನಲ್ಲಿರುವವನು: ಅಯೋಡಿನ್

ನಮ್ಮ ಕತ್ತಿನಲ್ಲಿರುವ ಥೈರಾಯಿಡ್ ಗ್ರಂಥಿಗೆ ಅಯೋಡಿನ್ ಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಸುಮಾರು 150 ಮೈಕ್ರೋಗ್ರಾಂ ಮಾತ್ರ. 70 ವರ್ಷಗಳಿಗೆ ಲೆಕ್ಕ ಹಾಕಿದರೂ 4 ಗ್ರಾಂ ಆಗುವುದಿಲ್ಲ! ಅಷ್ಟೂ ಸಿಗದಿದ್ದರೆ ಕತ್ತು ಊದಿ ಗಳಗಂಡ ಬರುತ್ತದೆ. ತಾಯಿಗೆ ತೀರಾ ಕೊರತೆಯಾದರೆ ಹುಟ್ಟುವ ಮಗುವಿನ ಬುದ್ಧಿಯ ಬೆಳವಣಿಗೆಯೇ ಕುಂಠಿತವಾಗಬಹುದು.

ಬೆಟ್ಟದ ನಾಡುಗಳಲ್ಲಿ ಮಳೆ ಮಣ್ಣಿನ ಅಯೋಡಿನ್ ಅನ್ನು ಕೊಚ್ಚಿಕೊಂಡು ಹೋಗುತ್ತದೆ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಅಧ್ಯಯನ ಆರಂಭಿಸಿದರು. ಅಯೋಡಿನ್ ಸೇರಿಸಿದ ಉಪ್ಪು ಕೊಟ್ಟ ಕಡೆ ಗಳಗಂಡ ಕಡಿಮೆಯಾಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು.

ಪೊಟ್ಟಣದ ಉಪ್ಪನ್ನು ಗಂಜಿಗೆ ಹಾಕಿದರೆ ನೀಲಿಯಾಗುತ್ತದೆಯೇ? ಇಲ್ಲ. ಅದರಲ್ಲಿರುವುದು ಪೊಟ್ಯಾಸಿಯಂ ಅಯೋಡೇಟ್ ಎಂಬ ಸಂಯುಕ್ತ. ಅದನ್ನು ಪತ್ತೆಮಾಡಲು ಬೇರೆ ಪರೀಕ್ಷಾ ಕಿಟ್ ಇದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯರನ್ನು ಕೇಳಿ ನೋಡಿ. ಮನೆಯಲ್ಲಿ ಉಪ್ಪನ್ನು ಮುಚ್ಚಿದ ಡಬ್ಬಿಯಲ್ಲಿಡಬೇಕು. ತೇವ ತಾಗಿದರೆ ಅಯೋಡಿನ್ ಕಡಿಮೆಯಾಗುತ್ತದೆ.

ಟ್ಯಾಂಕಿನಲ್ಲಿರುವವನು: ಕ್ಲೋರಿನ್

ಎಲೆಕ್ಟ್ರಾನ್ ಕಿತ್ತುಕೊಳ್ಳುವ ಗುಣವೇ ಇಲ್ಲಿ ನಮಗೆ ಉಪಕಾರಿ. ಬ್ಲೀಚಿಂಗ್ ಪೌಡರ್ ನೀರಿಗೆ ಬಿದ್ದಾಗ ಅದರಲ್ಲಿರುವ ಕ್ಲೋರಿನ್ ರೋಗಾಣುಗಳ ಮೇಲೆ ದಾಳಿ ಮಾಡಿ ಅವನ್ನು ಕೊಲ್ಲುತ್ತದೆ. ಕಾಲರಾ, ವಿಷಮಶೀತ ಜ್ವರಗಳಿಂದ ಅದು ನಮ್ಮನ್ನು ಕಾಪಾಡುತ್ತದೆ. ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ.

ಆದರೆ ಇದೇ ಕ್ಲೋರಿನ್ ಅನ್ನು 1915ರಲ್ಲಿ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಸೈನಿಕರ ಮೇಲೆ ವಿಷಾನಿಲವಾಗಿ ಬಿಡಲಾಗಿತ್ತು. ಆದ್ದರಿಂದ ಒಂದು ಮಾತು ನೆನಪಿರಲಿ. ಶೌಚಾಲಯ ತೊಳೆಯುವಾಗ ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಎರಡನ್ನೂ ಎಂದಿಗೂ ಒಟ್ಟಿಗೆ ಹಾಕಬಾರದು. ಕ್ಲೋರಿನ್ ಅನಿಲ ಹೊರಬಂದು ಉಸಿರು ಕಟ್ಟುತ್ತದೆ. ಮನೆಯವರಿಗೂ ಇದನ್ನು ತಿಳಿಸಿ.

ಬ್ರೋಮಿನ್ ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಸಮುದ್ರದ ನೀರಿನಲ್ಲಿ ಅದರ ಸಂಯುಕ್ತಗಳಿವೆ. ಗುಜರಾತಿನಲ್ಲಿ ಉಪ್ಪು ತೆಗೆದ ಮೇಲೆ ಉಳಿಯುವ ನೀರಿನಿಂದ ಅದನ್ನು ಪಡೆಯುತ್ತಾರೆ.

ಹಲ್ಲಿನಲ್ಲಿರುವವನು: ಫ್ಲೋರೈಡ್

ನಮ್ಮ ನೆಲದಡಿಯ ಗ್ರಾನೈಟ್‌ನಂತಹ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಅದು ನಿಧಾನವಾಗಿ ಕರಗಿ ಸೇರುತ್ತದೆ. ಆ ನೀರನ್ನೇ ಕೊಳವೆಬಾವಿಗಳು ಮೇಲೆತ್ತುತ್ತವೆ.

ಫ್ಲೋರೈಡ್‌ಗೆ ಕ್ಯಾಲ್ಸಿಯಂ ಎಂದರೆ ಬಲು ಪ್ರೀತಿ. ನಮ್ಮ ದೇಹದಲ್ಲಿ ಕ್ಯಾಲ್ಸಿಯಂ ತುಂಬಿರುವುದು ಹಲ್ಲು ಮತ್ತು ಮೂಳೆಗಳಲ್ಲಿ. ಆದ್ದರಿಂದ ಅದು ಅಲ್ಲಿಗೇ ಹೋಗಿ ಸೇರುತ್ತದೆ. ಅಲ್ಪ ಪ್ರಮಾಣದಲ್ಲಿದ್ದರೆ ಹಲ್ಲು ಹುಳುಕಾಗದಂತೆ ಕಾಪಾಡುತ್ತದೆ. ಹೆಚ್ಚಾದರೆ ಹಲ್ಲಿನ ಮೇಲೆ ಕಲೆಗಳಾಗುತ್ತವೆ. ಹಲವು ವರ್ಷ ಅತಿಯಾಗಿ ಸೇರಿದರೆ ಮೂಳೆ, ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಇದೇ ಫ್ಲೋರೋಸಿಸ್. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಿದ್ದರೂ 1.5 ಮಿಲಿಗ್ರಾಂ ಮೀರಲೇಬಾರದು.

‘ನೀರು ಕುದಿಸಿ ಕುಡಿದರೆ ಸರಿಹೋಗುತ್ತದೆಯಲ್ಲವೇ?’ ಎಂದು ನೀವು ಕೇಳಬಹುದು. ಇಲ್ಲ! ಕುದಿಸಿದರೆ ರೋಗಾಣು ಸಾಯುತ್ತವೆ. ಕ್ಲೋರಿನ್ ಘಾಟೂ ಹಾರಿಹೋಗುತ್ತದೆ. ಆದರೆ ಫ್ಲೋರೈಡ್ ಅನಿಲವಲ್ಲ, ಎಲೆಕ್ಟ್ರಾನ್ ಪಡೆದು ಶಾಂತವಾಗಿ ನೀರಿನಲ್ಲಿ ಕರಗಿ ಕುಳಿತಿರುವಂಥದ್ದು. ಉಪ್ಪುನೀರನ್ನು ಕುದಿಸಿದರೆ ಉಪ್ಪು ಹಾರಿಹೋಗುತ್ತದೆಯೇ? ಇದೂ ಹಾಗೆಯೇ. 2 ಲೀಟರ್ ನೀರನ್ನು 1 ಲೀಟರ್ ಆಗುವವರೆಗೆ ಕುದಿಸಿದರೆ ಲೀಟರಿಗೆ ಇರುವ ಫ್ಲೋರೈಡ್ ಎರಡರಷ್ಟಾಗುತ್ತದೆ! ಬಟ್ಟೆಯಲ್ಲಿ ಸೋಸಿದರೂ ಅದು ಹೋಗುವುದಿಲ್ಲ.

ಹಾಗಾದರೆ ಏನು ಮಾಡಬೇಕು?

• ನಮ್ಮೂರಿನ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಶಿಕ್ಷಕರ ಜೊತೆ ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿ. ಪರೀಕ್ಷೆ ಆಗಿಲ್ಲವಾದರೆ ಮಾಡಿಸಲು ಮನವಿ ಕೊಡಿ.
• ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲೂ ಅಡುಗೆಗೂ ಆರ್.ಒ. ಇರುವ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ, ಶುಚಿಯಾಗಿ ಸಂಗ್ರಹಿಸಿದ ಮಳೆನೀರನ್ನೋ ಬಳಸಿ. ಮಳೆನೀರನ್ನು ಕುದಿಸಿಯೇ ಕುಡಿಯಿರಿ. ಸ್ನಾನಕ್ಕೆ, ಬಟ್ಟೆಗೆ ಕೊಳವೆಬಾವಿಯ ನೀರು ಸಾಕು.
• ರಾಗಿ, ಹಾಲು, ಸೊಪ್ಪು ಚೆನ್ನಾಗಿ ತಿನ್ನಿ. ಇವುಗಳ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಸ್ವಲ್ಪ ಫ್ಲೋರೈಡನ್ನು ಹಿಡಿದಿಡುತ್ತದೆ.

ಇನ್ನೂ ಒಂದು ಮುಖ್ಯ ಮಾತು. ಹಲ್ಲಿನಲ್ಲಿ ಕಲೆ ಇರುವ ಗೆಳೆಯರನ್ನು ‘ಹಲ್ಲು ಉಜ್ಜದವನು’ ಎಂದು ಗೇಲಿ ಮಾಡಬೇಡಿ. ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವುದು ಸುಮಾರು 8 ವರ್ಷದೊಳಗೆ. ಆಗ ಕುಡಿದ ನೀರಿನಿಂದ ಆದ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದು ಆ ಮಗುವಿನ ತಪ್ಪಲ್ಲ, ನೀರಿನ ದೋಷ. ನಿಮ್ಮ ಮನೆಯಲ್ಲಿ ಚಿಕ್ಕ ತಮ್ಮ ತಂಗಿಯರಿದ್ದರೆ ಅವರಿಗೆ ಒಳ್ಳೆಯ ನೀರು ಸಿಗುವಂತೆ ಈಗಲೇ ನೋಡಿಕೊಳ್ಳಿ. ಅವರ ಹಲ್ಲನ್ನು ಇನ್ನೂ ಉಳಿಸಬಹುದು.

ಯೋಚಿಸಿ, ಉತ್ತರಿಸಿ

1. ಹ್ಯಾಲೋಜನ್‌ಗಳ ಪರಮಾಣು ಸಂಖ್ಯೆಗಳು 9, 17, 35, 53. ಇವುಗಳ ನಡುವಿನ ವ್ಯತ್ಯಾಸ 8, 18, 18. ಮುಂದಿನ ಎರಡು ವ್ಯತ್ಯಾಸಗಳು 32, 32. ಹಾಗಾದರೆ ಈ ಮನೆಯ ಇನ್ನಿಬ್ಬರ ಪರಮಾಣು ಸಂಖ್ಯೆ ಎಷ್ಟು? ಕೋಷ್ಟಕದಲ್ಲಿ ಅವರ ಹೆಸರು ಹುಡುಕಿ. (ಕೊನೆಯವನಿಗೆ ಹೆಸರಿಟ್ಟದ್ದು 2016ರಲ್ಲಿ.)
2. ಲಿಥಿಯಂನ ಪರಮಾಣು ತೂಕ ಸುಮಾರು 7, ಪೊಟ್ಯಾಸಿಯಂನದು 39. ನಡುವಿನ ಸೋಡಿಯಂನ ತೂಕವನ್ನು ಡೊಬರೈನರ್ ಅವರಂತೆ ಊಹಿಸಿ.
3. ಸೋಡಿಯಂನ ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನ್ ಇದೆ. ಕ್ಲೋರಿನ್ ಸಿಕ್ಕಾಗ ಅದು ಏನು ಮಾಡುತ್ತದೆ?
4. ‘ಕೊಳವೆಬಾವಿಯ ನೀರನ್ನು ಚೆನ್ನಾಗಿ ಕುದಿಸಿದ್ದೇವೆ, ಫ್ಲೋರೈಡ್ ಭಯವಿಲ್ಲ’ ಎಂದು ಪಕ್ಕದ ಮನೆಯ ಅಜ್ಜಿ ಹೇಳುತ್ತಾರೆ. ಅವರಿಗೆ ಹೇಗೆ ತಿಳಿಸಿ ಹೇಳುತ್ತೀರಿ? ಐದು ವಾಕ್ಯಗಳಲ್ಲಿ ಬರೆಯಿರಿ.