ಹಿರಿಯರ ವಸತಿಗೆ ವೈಫೈ: ಸಹಿ ಹಾಕುವ ಮೊದಲು

ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವ ಹಿರಿಯರಿಗೆ ಇಂದು ಇಂಟರ್‌ನೆಟ್ ಎಂದರೆ ಮೋಜಿನ ವಸ್ತುವಲ್ಲ. ಮೊಮ್ಮಕ್ಕಳ ಮುಖ ನೋಡುವುದು ಅದರಲ್ಲಿ, ಕೆಲವೊಮ್ಮೆ ಡಾಕ್ಟರರ ಸಲಹೆ ಕೇಳುವುದೂ ಅದರಲ್ಲೇ. ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರಕ್ಕೆ 2014ರಲ್ಲಿ ಜೀವನ್ ಪ್ರಮಾಣ್ ಬಂತು. 2021ರಿಂದ ಮೊಬೈಲಿಗೆ ಮುಖ ತೋರಿಸಿಯೂ ಅದನ್ನು ಕೊಡಬಹುದು. ಹೀಗಿರುವಾಗ ವಸತಿ ನಡೆಸುವವರು, ನಿವಾಸಿಗಳ ಸಮಿತಿಯವರು ಸೇರಿ ಇಡೀ ಆವರಣಕ್ಕೆ ಒಂದೇ ವೈಫೈ ಹಾಕಿಸೋಣ ಎಂದು ಹೊರಡುವುದು ಸಹಜ. ಆದರೆ ಅವಸರ ಬೇಡ. ಅವಸರ ಮಾಡಿದವಳು ನಾನೇ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಹಿರಿಯರ ವಸತಿಯ ಜವಾಬ್ದಾರಿ ನನ್ನ ಮೇಲಿತ್ತು. ಸುಮಾರು ನಲವತ್ತು ಕೋಣೆ. ಕಂಪೆನಿಯ ಯುವಕನೊಬ್ಬ ಬಂದು ಆಫೀಸಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಡಿಸಿ, "ನೋಡಿ ಸಿಸ್ಟರ್, ನೂರು ಎಂಬಿಪಿಎಸ್" ಅಂತ ವೇಗ ತೋರಿಸಿದ. ಮೂರು ವರ್ಷದ ಒಪ್ಪಂದಕ್ಕೆ ಅದೇ ವಾರ ಸಹಿ ಹಾಕಿದೆ. ಹಿಂದಿನ ಬ್ಲಾಕಿನ ಗೋಡೆಗಳು ದಪ್ಪ ಕೆಂಪುಕಲ್ಲಿನವು. ಅಲ್ಲಿ ಸಿಗ್ನಲ್ ಸಿಕ್ಕಿದ್ದು ಮೆಟ್ಟಿಲಿನ ಹತ್ತಿರ ಮಾತ್ರ. ನಿವೃತ್ತ ಟೀಚರೊಬ್ಬರು ಭಾನುವಾರ ಸಂಜೆ ಕುರ್ಚಿ ಎಳೆದುಕೊಂಡು ಅಲ್ಲಿ ಕೂತು ಕುವೈಟಿನ ಮಗಳೊಡನೆ ಮಾತನಾಡುತ್ತಿದ್ದರು. ಮಗಳ ಮನೆಯಲ್ಲಿ ಆಗ ಕಷ್ಟದ ದಿನಗಳು. ಹೋಗಿ ಬರುವವರ ಎದುರಿಗೇ ಅದನ್ನೆಲ್ಲ ಮಾತನಾಡಬೇಕಿತ್ತು. ಆಮೇಲೆ ಕುರ್ಚಿ ಹೊರಗೆ ಬರುವುದು ನಿಂತಿತು. ಕೇಳಿದರೆ "ಅವಳಿಗೆ ಪುರುಸೊತ್ತಿಲ್ಲ ಸಿಸ್ಟರ್" ಅಂದರು. ಮಗಳಿಗೆ ಪುರುಸೊತ್ತಿತ್ತು, ಮಾತಾಡಲು ಜಾಗ ಇರಲಿಲ್ಲ ಎಂಬುದು ನನಗೆ ತಿಳಿಯಲು ತಿಂಗಳು ಹಿಡಿಯಿತು.

ಕಂಪೆನಿಗೆ ಫೋನ್ ಮಾಡಿದೆ. "ಒಪ್ಪಂದದಲ್ಲಿ ಕಟ್ಟಡಕ್ಕೆ ಸಂಪರ್ಕ ಅಂತ ಇದೆ, ಕೋಣೆಗೆ ಅಂತ ಇಲ್ಲವಲ್ಲ" ಎಂದರು. ಕಾಗದ ತೆಗೆದು ನೋಡಿದೆ, ಅವರು ಹೇಳಿದ್ದು ನಿಜ. ಆ ಕೋಣೆಗಳಿಗೆ ಸರಿಯಾದ ಸಂಪರ್ಕ ಬಂದದ್ದು ಮೂರು ವರ್ಷದ ಅವಧಿ ಮುಗಿದ ಮೇಲೆ. ಆಗ ಟೀಚರ್ ನಮ್ಮಲ್ಲಿ ಇರಲಿಲ್ಲ.

ಅಗತ್ಯಗಳ ಸಮೀಕ್ಷೆ ಎಂದು ಸಮಾಜಕಾರ್ಯದ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ಯಂತ್ರದ ವಿಷಯ ಬಂದಾಗ ಅದು ಮರೆತೇಹೋಯಿತು. ಕಂಪೆನಿಯವರನ್ನು ಕರೆಯುವ ಮೊದಲು ಕೋಣೆ ಕೋಣೆಗೆ ಹೋಗಿ. "ವೈಫೈ ಬೇಕಾ?" ಎಂದು ಕೇಳಿದರೆ ಪ್ರಯೋಜನವಿಲ್ಲ. ಅರ್ಧ ಜನ "ಹಾಕಿ" ಅಂತಾರೆ, ಉಳಿದವರು "ನಮಗ್ಯಾಕೆ ಈ ವಯಸ್ಸಲ್ಲಿ" ಅಂತಾರೆ. ಯಾರೊಡನೆ ಮಾತಾಡುತ್ತೀರಿ, ಎಷ್ಟು ಹೊತ್ತಿಗೆ, ಎಲ್ಲಿ ಕೂತುಕೊಂಡು ಎಂದು ಕೇಳಿ. ಯಾವ ಫೋನ್ ಇದೆ ಎಂದೂ ನೋಡಿ. ಹೆಚ್ಚಾಗಿ ಅದು ಮಗ ಬಳಸಿ ಕೊಟ್ಟ ಹಳೆಯ ಫೋನು. ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ ಬರುತ್ತದೆ. ಹಳೆಯ ಅಗ್ಗದ ಫೋನುಗಳಲ್ಲಿ ಕೆಲವು 2.4 ಮಾತ್ರ ಹಿಡಿಯುತ್ತವೆ. 5ರದ್ದು ವೇಗ ಹೆಚ್ಚು, ಆದರೆ ದಪ್ಪ ಗೋಡೆ ದಾಟುವಾಗ ಬೇಗ ಸೋಲುತ್ತದೆ. ಎರಡೂ ಇರಬೇಕು.

ಸಿಗ್ನಲನ್ನು ಆಫೀಸಿನಲ್ಲಿ ಅಳೆಯಬೇಡಿ. ಕಂಪೆನಿಯವರನ್ನು ಕರೆದುಕೊಂಡು ಕೊನೆಯ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಮಂಚದ ಪಕ್ಕದಲ್ಲಿ ಪರೀಕ್ಷೆ ಮಾಡಿಸಿ. ಗೋಡೆ ಮಾತ್ರವಲ್ಲ, ಕಬ್ಬಿಣದ ಬೀರು, ನೀರಿನ ಟ್ಯಾಂಕ್ ಕೂಡ ಸಿಗ್ನಲ್ ತಡೆಯುತ್ತವೆ. ಗೋಡೆಗೆ ಹಾಕುವ ವೈಫೈ ಪೆಟ್ಟಿಗೆಗಳು ಎಷ್ಟು ಬೇಕು, ಎಲ್ಲೆಲ್ಲಿ ಬೇಕು ಎಂಬುದು ಈ ಓಡಾಟದ ನಂತರವೇ ಗೊತ್ತಾಗುವುದು. ಪೆಟ್ಟಿಗೆಗೆ ಎಳೆಯುವ ಸಾಮಾನ್ಯ ತಾಮ್ರದ ನೆಟ್‌ವರ್ಕ್ ಕೇಬಲ್ 100 ಮೀಟರಿನೊಳಗೆ ಇರಬೇಕು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಲೋಹವಿಲ್ಲದ ಫೈಬರ್ ಕೇಬಲನ್ನೇ ಕೇಳಿ. ನಮ್ಮ ಕರಾವಳಿಯ ಗುಡುಗು ಮಿಂಚಿಗೆ ತಾಮ್ರದ ತಂತಿಯ ಮೂಲಕ ಉಪಕರಣಗಳು ಸುಟ್ಟು ಹೋಗುವುದುಂಟು. ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಕರೆಂಟು ಹೋದಾಗ ಆಫೀಸಿನ ಪೆಟ್ಟಿಗೆ ಮಾತ್ರ ಇನ್ವರ್ಟರ್ ಮೇಲೆ ಇದ್ದರೆ ಸಾಲದು, ಮಹಡಿಯ ಪೆಟ್ಟಿಗೆಗಳೂ ಇರಬೇಕು. ತುರ್ತು ಕರೆಗಂಟೆಯನ್ನು ಮಾತ್ರ ಈ ವೈಫೈಗೆ ಜೋಡಿಸಬೇಡಿ. ಅದು ಬೇರೆಯೇ ಇರಲಿ.

ನೂರು ಎಂಬಿಪಿಎಸ್ ಎಂದರೆ ಎಲ್ಲರಿಗೂ ಸೇರಿ ನೂರು. ಒಂದು ವಿಡಿಯೋ ಕರೆಗೆ ಒಂದೆರಡು ಸಾಕು, ಟಿವಿಯಲ್ಲಿ ಸ್ಪಷ್ಟ ಚಿತ್ರದ ಸಿನಿಮಾಕ್ಕೆ ಐದರಷ್ಟು ಬೇಕು. ಸಂಜೆ ಏಳು ಗಂಟೆಗೆ ಎಷ್ಟು ಜನ ಏನೇನು ಮಾಡುತ್ತಾರೆ ಎಂದು ಕೂಡಿಸಿ ನೋಡಿ. ವಿಡಿಯೋ ಕರೆಯಲ್ಲಿ ನಮ್ಮ ಮುಖವೂ ಆಚೆ ಹೋಗಬೇಕಲ್ಲ, ಆದ್ದರಿಂದ ಕಳಿಸುವ ವೇಗವನ್ನೂ ಬರೆಸಿಕೊಳ್ಳಿ.

ದುಡ್ಡಿನ ಮಾತು ಸಭೆಯಲ್ಲೇ ಆಗಲಿ. ಬಾಡಿಗೆಯ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ ಬೀಳುತ್ತದೆ. ಈಗಾಗಲೇ ಸ್ವಂತ ಸಂಪರ್ಕ ಇರುವವರು, ಫೋನೇ ಮುಟ್ಟದವರು ಎಲ್ಲರೂ ಸಮನಾಗಿ ಕೊಡಬೇಕೇ? ಕಂಪೆನಿಯವರು "ಎಲ್ಲ ಕೋಣೆಗೂ ಲೆಕ್ಕ ಹಾಕಿದರೆ ಅಗ್ಗ" ಎನ್ನುತ್ತಾರೆ. ಪಿಂಚಣಿಯಲ್ಲಿ ದಿನ ದೂಡುವ ವಿಧವೆಗೆ ಅದು ಅಗ್ಗವಲ್ಲ. ನನ್ನ ಅಭಿಪ್ರಾಯದಲ್ಲಿ ಬೇಡ ಎನ್ನುವವರ ಮೇಲೆ ಹೊರಿಸಬಾರದು, ಆದರೆ ಸಾಮಾನ್ಯ ಹಾಲ್‌ನ ಸಂಪರ್ಕದ ಖರ್ಚು ಸಂಸ್ಥೆಯದ್ದಿರಲಿ. ನಿಮ್ಮಲ್ಲಿ ಬೇರೆ ರೀತಿ ತೀರ್ಮಾನ ಆಗಬಹುದು. ಆದರೆ ಕೇಳದೆ ತೀರ್ಮಾನ ಆಗಬಾರದು.

ಇನ್ನು ಕಾಗದ. "ಪ್ರತಿ ಕೋಣೆಯಲ್ಲಿ ಬಾಗಿಲು ಮುಚ್ಚಿದಾಗ ಇಷ್ಟು ವೇಗ" ಎಂಬ ಸಾಲು ಇರಲೇಬೇಕು. ಕೆಟ್ಟರೆ ಎಷ್ಟು ಗಂಟೆಯೊಳಗೆ ಸರಿಮಾಡುತ್ತಾರೆ, ಮಾಡದಿದ್ದರೆ ಬಾಡಿಗೆಯಲ್ಲಿ ಎಷ್ಟು ಕಡಿತ, ನಡುವೆ ಬಿಡಬೇಕಾದರೆ ಹೇಗೆ, ಬಿಟ್ಟ ಮೇಲೆ ಗೋಡೆಯೊಳಗಿನ ಕೇಬಲ್ ಯಾರದ್ದು, ಇವೆಲ್ಲ ಬರಹದಲ್ಲಿರಲಿ. ಬೇರೆ ಕಂಪೆನಿಯವರು ಆವರಣಕ್ಕೆ ಬರಬಾರದು ಎಂಬ ಷರತ್ತಿದ್ದರೆ ಒಪ್ಪಬೇಡಿ. ಮೊದಲು ಒಂದು ವರ್ಷಕ್ಕೆ ಮಾತ್ರ ಮಾಡಿಕೊಳ್ಳಿ. ಹೊಸ ಕಟ್ಟಡ ಕಟ್ಟಿಸುವವರು ಗಮನಿಸಿ: ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ದರ್ಜೆ ಕೊಡುವ ನಿಯಮಗಳನ್ನು ಟ್ರಾಯ್ 2024ರಲ್ಲಿ ಹೊರಡಿಸಿದೆ. ಕೇಬಲ್ ಎಳೆಯುವ ಪೈಪುಗಳನ್ನು ಗೋಡೆ ಏಳುವಾಗಲೇ ಹಾಕಿಸಿ.

ಸಂಪರ್ಕ ಬಂದ ದಿನದಿಂದ ಮೋಸದ ಕರೆಗಳೂ ಬರುತ್ತವೆ. ಪೊಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸುವವರು ಹಿರಿಯರನ್ನೂ ಬಿಡುವುದಿಲ್ಲ. ಅಂಥ ಬಂಧನ ಕಾನೂನಿನಲ್ಲೇ ಇಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಈ ಸಂಖ್ಯೆಯನ್ನು ಪ್ರತಿ ಕೋಣೆಯಲ್ಲಿ ದೊಡ್ಡ ಅಕ್ಷರದಲ್ಲಿ ಅಂಟಿಸಿ. ಪಾಸ್‌ವರ್ಡ್ ಹಾಕಿ ಕೊಡಲು, ಕೈ ನಡುಗುವವರಿಗೆ ಕರೆ ಹಚ್ಚಿಕೊಡಲು ವಾರದಲ್ಲಿ ಎರಡು ದಿನ ಬರುವ ಹುಡುಗನನ್ನೋ ಹುಡುಗಿಯನ್ನೋ ಮೊದಲೇ ಗೊತ್ತುಮಾಡಿಕೊಳ್ಳಿ. ಕರೆ ಹಚ್ಚಿಕೊಟ್ಟ ಮೇಲೆ ಬಾಗಿಲು ಎಳೆದುಕೊಂಡು ಹೊರಗೆ ಬರಬೇಕೆಂದೂ ಅವರಿಗೆ ಹೇಳಿರಿ.